ಕ್ರೂಗರ್ ಕಾಡಿನಲ್ಲಿ ಐವತ್ತರ ವೇಗ

ಮಕ್ಕಳೇ, ಬಂಡೀಪುರಕ್ಕೋ ನಾಗರಹೊಳೆಗೋ ಹೋಗಿ ಬಂದವರು ನಿಮ್ಮಲ್ಲಿ ಬಹಳ ಮಂದಿ ಇರುತ್ತೀರಿ. ಅಲ್ಲಿ ಸಫಾರಿಯ ಬಸ್ಸೋ ಜೀಪೋ ನಮ್ಮನ್ನು ಕೂರಿಸಿಕೊಂಡು ಸುತ್ತಿಸಿ ತರುತ್ತದೆ. ಎಲ್ಲರ ಕಣ್ಣೂ ಹುಲಿಯ ಮೇಲೆ. "ಸ್ವಲ್ಪ ನಿಲ್ಲಿಸಪ್ಪ, ಆ ಕೊಂಬೆ ಮೇಲೆ ಏನೋ ಕೂತಿದೆ" ಅಂದರೆ ಹಿಂದಿನ ಸೀಟಿನವರು ನನ್ನನ್ನೇ ಗುರಾಯಿಸುತ್ತಾರೆ. ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ ಈ ತೊಂದರೆ ಇಲ್ಲ. ನಮ್ಮ ಕಾರನ್ನು ನಾವೇ ಓಡಿಸಿಕೊಂಡು ಒಳಗೆ ಹೋಗಬಹುದು. ಒಂದು ಹಕ್ಕಿಗಾಗಿ ಅರ್ಧ ಗಂಟೆ ನಿಂತರೂ ಕೇಳುವವರಿಲ್ಲ. ಜೊಹಾನ್ಸ್‌ಬರ್ಗ್‌ನಲ್ಲಿ ಕೆಲಸದಲ್ಲಿರುವ ಮಗನ ಮನೆಗೆ ಡಿಸೆಂಬರಿನಲ್ಲಿ ಹೋಗಿದ್ದಾಗ ನಾಲ್ಕು ದಿನ ಆ ಕಾಡು ಸುತ್ತಿದೆವು. ಮಗ, ಸೊಸೆ, ನಾಲ್ಕನೇ ತರಗತಿಯ ಮೊಮ್ಮಗ ಪುಟ್ಟ, ಮತ್ತು ನಾನು.

ಕಾಡು ಎಷ್ಟು ದೊಡ್ಡದು ಅಂತೀರಿ? ಹತ್ತಿರ ಹತ್ತಿರ 19,500 ಚದರ ಕಿಲೋಮೀಟರ್. ನಮ್ಮ ಬಂಡೀಪುರದಂಥ ಇಪ್ಪತ್ತು ಕಾಡುಗಳನ್ನು ಒಳಗಿಟ್ಟರೂ ಜಾಗ ಮಿಗುತ್ತದೆ. 1898ರಲ್ಲಿ ಸಾಬಿ ನದಿಯ ಕಡೆಯ ರಕ್ಷಿತಾರಣ್ಯವಾಗಿ ಶುರುವಾದದ್ದು 1926ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಐನೂರಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ಅಲ್ಲಿವೆ.

ಸ್ವಾತಂತ್ರ್ಯ ಇದೆ, ಆದರೆ ಕಟ್ಟುನಿಟ್ಟೂ ಇದೆ. ಡಾಂಬರು ರಸ್ತೆಯಲ್ಲಿ ಗಂಟೆಗೆ 50 ಕಿಲೋಮೀಟರ್ ಮೀರುವಂತಿಲ್ಲ, ಮಣ್ಣು ರಸ್ತೆಯಲ್ಲಿ 40. ಗುರುತು ಮಾಡಿದ ಜಾಗ ಬಿಟ್ಟು ಬೇರೆಲ್ಲೂ ಕಾರಿನಿಂದ ಇಳಿಯುವಂತಿಲ್ಲ. ಕಿಟಕಿಯಿಂದ ತಲೆ, ಕೈ ಹೊರಗೆ ಹಾಕುವಂತಿಲ್ಲ. ರಾತ್ರಿ ತಂಗುವ ಕ್ಯಾಂಪಿಗೆ ಸುತ್ತಲೂ ಬೇಲಿ. ಡಿಸೆಂಬರ್ ಅಲ್ಲಿ ಬೇಸಿಗೆಯಾದ್ದರಿಂದ ಕ್ಯಾಂಪಿನ ಗೇಟು ಬೆಳಿಗ್ಗೆ 4.30ಕ್ಕೆ ತೆರೆದು ಸಂಜೆ 6.30ಕ್ಕೆ ಮುಚ್ಚುತ್ತದೆ. ತಡವಾಗಿ ಬಂದವರಿಗೆ ದಂಡ. ನನ್ನ ವಯಸ್ಸಿನವರಿಗೆ ಇಲ್ಲೊಂದು ಮಾತು: ಇಳಿಯುವಂತಿಲ್ಲವಾದ್ದರಿಂದ ಬೆಳಗಿನ ಕಾಫಿಯನ್ನು ಅರ್ಧ ಲೋಟಕ್ಕೆ ಇಳಿಸಿಕೊಳ್ಳಿ. ಅದು ಮಲೇರಿಯಾ ಇರುವ ಪ್ರದೇಶ, ಹೊರಡುವ ಮೊದಲೇ ಡಾಕ್ಟರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಿ.

ಮೊದಲ ದಿನವೇ ನನ್ನ ಮನಸ್ಸು ತುಂಬಿಸಿದ್ದು ಒಣಮರದ ತುದಿಯಲ್ಲಿ ಕೂತಿದ್ದ ಒಂದು ನೀಲಕಂಠ. ನೀಲಕಂಠ ನಮ್ಮ ಕರ್ನಾಟಕದ ರಾಜ್ಯಪಕ್ಷಿ ತಾನೇ? ಇದು ಅದರ ಆಫ್ರಿಕಾದ ದಾಯಾದಿ. ಎದೆ ನೇರಳೆ, ಹೊಟ್ಟೆ ತಿಳಿನೀಲಿ, ರೆಕ್ಕೆ ಬಿಚ್ಚಿದರೆ ಕಡುನೀಲಿ, ಬಾಲದಲ್ಲಿ ಎರಡು ಉದ್ದ ಗರಿ. ನಮ್ಮದರ ಹಾಗೆಯೇ ಕೂತಲ್ಲಿಂದ ನೆಲಕ್ಕೆ ಧುಮುಕಿ ಮಿಡತೆ ಹಿಡಿದು ಮತ್ತೆ ಮೇಲೆ ಬಂದು ಕೂರುತ್ತದೆ. ದಾರಿಯಲ್ಲಿ ಆನೆ ಲದ್ದಿ ಕಂಡರೆ ಮಗ ಬಳಸಿಕೊಂಡು ಹೋಗುತ್ತಿದ್ದ, ಅದರಲ್ಲಿ ಸಗಣಿ ಹುಳುಗಳು ಉಂಡೆ ಕಟ್ಟುತ್ತಿರುತ್ತವಲ್ಲ. ಆ ಜಾತಿಯ ಕೆಲವು ಹುಳುಗಳು ರಾತ್ರಿ ಆಕಾಶಗಂಗೆಯ ಬೆಳಕು ನೋಡಿಕೊಂಡು ಉಂಡೆಯನ್ನು ನೇರ ದಾರಿಯಲ್ಲಿ ಉರುಳಿಸುತ್ತವೆ ಎಂದು 2013ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ.

ಸ್ಕುಕುಜ಼ ಕ್ಯಾಂಪಿನ ಹತ್ತಿರ 'ಲೇಕ್ ಪ್ಯಾನಿಕ್' ಎಂಬ ಕೆರೆ ಇದೆ. ದಡದಲ್ಲಿ ಬೆಂಚು ಹಾಕಿದ ಒಂದು ಮರೆಮನೆ. ಅಲ್ಲಿ ಇಳಿಯಬಹುದು, ಪಿಸುಗುಟ್ಟಬಹುದು, ಅಷ್ಟೇ. ತೇಲುವ ಎಲೆಗಳ ಮೇಲೆ ಜಕಾನಾ ಹಕ್ಕಿ ನಡೆಯುತ್ತಿತ್ತು. ಅದರ ಎರಡೂ ರೆಕ್ಕೆಯ ಕೆಳಗೆ ಕಡ್ಡಿಯಂಥ ಕಾಲುಗಳು ಜೋತಾಡುತ್ತಿದ್ದವು! "ಅಜ್ಜಿ, ಅದಕ್ಕೆ ಆರು ಕಾಲು!" ಎಂದ ಪುಟ್ಟ. ಅಪ್ಪ ಹಕ್ಕಿ ಮರಿಗಳನ್ನು ಕಂಕುಳಲ್ಲಿ ಎತ್ತಿಕೊಂಡು ಹೊರಟಿತ್ತು. ಜಕಾನಾಗಳಲ್ಲಿ ಕಾವು ಕೊಡುವುದು, ಮರಿ ನೋಡಿಕೊಳ್ಳುವುದು ಎಲ್ಲ ಅಪ್ಪನದೇ ಕೆಲಸ. ಸೊಸೆ ಮಗನ ಕಡೆ ನೋಡಿ ಏನೂ ಹೇಳಲಿಲ್ಲ.

ಆದರೆ ಪುಟ್ಟನಿಗೆ ಬೇಕಾಗಿದ್ದು ಸಿಂಹ. ಕ್ಯಾಂಪಿನಲ್ಲಿ ಒಂದು ಬೋರ್ಡು ಇರುತ್ತದೆ. ಯಾವ ಪ್ರಾಣಿ ಎಲ್ಲಿ ಕಂಡಿತು ಎಂದು ನಕ್ಷೆಯ ಮೇಲೆ ಬಣ್ಣದ ಬಿಲ್ಲೆ ಅಂಟಿಸುತ್ತಾರೆ. (ಘೇಂಡಾಮೃಗಕ್ಕೆ ಮಾತ್ರ ಬಿಲ್ಲೆ ಇಲ್ಲ. ಕೊಂಬಿಗಾಗಿ ಕೊಲ್ಲುವ ಕಳ್ಳಬೇಟೆಗಾರರಿಗೆ ಜಾಗ ಗೊತ್ತಾಗಬಾರದಲ್ಲ.) ಎರಡನೇ ದಿನವೂ ಸಿಂಹವಿಲ್ಲ. ಮೂರನೇ ದಿನ ಮಧ್ಯಾಹ್ನ ಎದುರಿಗೆ ಬಂದ ಕಾರಿನವರು ಗಾಜು ಇಳಿಸಿ, ಮುಂದೆ ಸೇತುವೆಯ ಹತ್ತಿರ ಎರಡು ಸಿಂಹಗಳಿವೆ ಎಂದರು. "ಅಪ್ಪಾ, ಬೇಗ!" ಎಂದ ಪುಟ್ಟ. "ಐವತ್ತೇ ಕಣೋ" ಎಂದ ಮಗ.

ಒಂದು ಕಿಲೋಮೀಟರ್ ಹೋಗಿಲ್ಲ, ರಸ್ತೆಯ ಪಕ್ಕದ ಹುಲ್ಲಿನಲ್ಲಿ ಟರ್ಕಿ ಕೋಳಿಯಷ್ಟು ದೊಡ್ಡ ಐದು ಕರಿ ಹಕ್ಕಿಗಳು, ಗಸ್ತು ತಿರುಗುವ ಪೊಲೀಸರ ಹಾಗೆ ಸಾಲಾಗಿ ನಡೆಯುತ್ತಿವೆ! ಕೆಂಪು ಮುಖ, ಕೆಂಪು ಗಂಟಲಚೀಲ, ಉದ್ದ ರೆಪ್ಪೆ. ನೆಲದ ಮೇಲೆ ಬದುಕುವ ಮಂಗಟ್ಟೆ. ನಾನು ಇಷ್ಟು ದೂರ ಬಂದದ್ದೇ ಇದಕ್ಕಾಗಿ. "ನಿಲ್ಲಿಸು" ಎಂದೆ. ಮಗ ನಿಲ್ಲಿಸಿದ. ಪುಟ್ಟನ ಮುಖ ಊದಿಕೊಂಡಿತು.

ಐದರಲ್ಲಿ ಒಂದರ ಮುಖ ಮಾತ್ರ ಕೆಂಪಾಗಿರದೆ ಮಾಸಲಾಗಿತ್ತು. ಅದು ಮರಿ. ದೊಡ್ಡದೊಂದು ಹುಲ್ಲಿನಿಂದ ಕಪ್ಪೆ ಎತ್ತಿ ತಂದು ಅದರ ಬಾಯಿಗಿಟ್ಟಿತು. ಗುಂಪಿನಲ್ಲಿ ಒಂದೇ ಜೋಡಿ ಮೊಟ್ಟೆ ಇಡುತ್ತದೆ, ಉಳಿದವರೆಲ್ಲ ಮರಿ ಸಾಕಲು ನೆರವಾಗುತ್ತಾರೆ, ನಮ್ಮ ಹಳೆಯ ಕೂಡುಕುಟುಂಬದ ಹಾಗೆ ಎಂದು ಪುಟ್ಟನಿಗೆ ಹೇಳಿದೆ. ಸಾಮಾನ್ಯವಾಗಿ ಮೊಟ್ಟೆ ಎರಡು. ಆದರೆ ಎರಡನೇ ಮರಿ ಕೆಲವು ದಿನ ತಡವಾಗಿ ಹೊರಬರುತ್ತದೆ, ಹಸಿವಿನಿಂದ ಸಾಯುತ್ತದೆ.

"ಅದಕ್ಕೆ ಯಾರೂ ಊಟ ಕೊಡಲ್ವಾ?"

"ಇಲ್ಲ ಕಂದ."

"ಇಷ್ಟು ಜನ ಇದ್ದೂ?"

ಇದಕ್ಕೆ ಅಜ್ಜಿಯ ಹತ್ತಿರವೂ ಉತ್ತರವಿರಲಿಲ್ಲ. ಹಕ್ಕಿಗಳನ್ನು ಉಳಿಸುವ ಕೆಲಸದವರು ಆ ಎರಡನೇ ಮರಿಯನ್ನು ಗೂಡಿನಿಂದ ತಂದು ಕೈತುತ್ತು ಕೊಟ್ಟು ಸಾಕುತ್ತಾರೆ, ದೊಡ್ಡದಾದ ಮೇಲೆ ಇವು ಇಲ್ಲವಾದ ಕಡೆ ಬಿಡಲು ನೋಡುತ್ತಾರೆ ಎಂದೆ. ದಕ್ಷಿಣ ಆಫ್ರಿಕಾದಲ್ಲಿ ಇವು ಅಳಿವಿನಂಚಿನಲ್ಲಿವೆ. ಹೊಲಕ್ಕೆ ಹಾಕುವ ವಿಷ, ಗೂಡಿಗೆ ಬೇಕಾದ ಪೊಟರೆಯ ಹಳೇ ಮರಗಳಿಲ್ಲದಿರುವುದು, ಹೀಗೆ ಕಾರಣ ಹಲವು. ಕಿಟಕಿ ಗಾಜಿನಲ್ಲಿ ತನ್ನದೇ ಬಿಂಬ ಕಂಡು ಶತ್ರುವೆಂದು ಕುಕ್ಕಿ ಒಡೆಯುತ್ತದೆಂದು ಜನರ ಕೈಯಲ್ಲಿ ಸಾಯುವುದೂ ಉಂಟು.

ಸೇತುವೆ ತಲುಪಿದಾಗ ಮಲಗಿದ್ದ ಹುಲ್ಲು ಮಾತ್ರ ಇತ್ತು. ಪುಟ್ಟ ನನ್ನೊಡನೆ ಮಾತು ಬಿಟ್ಟ.

ಹಿಂತಿರುಗುವಾಗ 5.50ಕ್ಕೆ ಆನೆ ಹಿಂಡು ರಸ್ತೆಗೆ ಬಂತು. ಮರಿಗಳು ನಡುವೆ, ತಾಯಂದಿರು ಸುತ್ತ. ಕ್ಯಾಂಪು ಇನ್ನೂ 14 ಕಿಲೋಮೀಟರ್. ಮಗ ಕಾರನ್ನು ಮೆಲ್ಲಗೆ ಹಿಂದಕ್ಕೆ ತೆಗೆದು ದೂರ ನಿಂತ. ಒಂದು ಹೆಣ್ಣಾನೆ ಕಿವಿ ಅಗಲಿಸಿ ನಮ್ಮ ಕಡೆಗೇ ನೋಡಿತು. ಸೊಸೆ ನನ್ನ ಕೈ ಹಿಡಿದುಕೊಂಡಳು. ಪುಟ್ಟ ಮಾತ್ರ ಹಿಂದಿನ ಸೀಟಿನಲ್ಲಿ ಲೆಕ್ಕ ಹಾಕುತ್ತಿದ್ದ: "ಐವತ್ತರಲ್ಲಿ ಹದಿನೇಳು ನಿಮಿಷ ಬೇಕು. 6.13ರ ಒಳಗೆ ಹೊರಡಬೇಕು." ಕೊನೆಯ ಮರಿ 6.10ಕ್ಕೆ ದಾಟಿತು. ಗೇಟು ಸೇರಿದಾಗ 6.27.

ಕ್ಯಾಂಪಿನಲ್ಲಿ ಅವನು ಬೋರ್ಡಿನ ಮುಂದೆ ನಿಂತು ಮಂಗಟ್ಟೆಗೆ ಯಾವ ಬಣ್ಣ ಎಂದು ಹುಡುಕಿದ. ಇರಲಿಲ್ಲ. ಕೋಣೆಗೆ ಬಂದು ನನ್ನ ಡೈರಿಯಲ್ಲಿ ತಾನೇ ಬರೆದ: 'ದೊಡ್ಡವು 4, ಮರಿ 1.' ನಾಲ್ಕನೇ ದಿನ ಸಿಂಹವೂ ಸಿಕ್ಕಿತು. ನಿದ್ದೆ ಮಾಡುತ್ತಿತ್ತು, ಇಪ್ಪತ್ತು ನಿಮಿಷದಲ್ಲಿ ಒಂದು ಸಲ ಕಿವಿ ಅಲ್ಲಾಡಿಸಿತು.

ನಿಮ್ಮೂರಿನ ಕರೆಂಟ್ ತಂತಿಯ ಮೇಲೆ ನೀಲಕಂಠ ಕೂತಿದ್ದರೆ ಊರು, ದಿನ, ಎಷ್ಟು ಹಕ್ಕಿ ಎಂದು ಕಾರ್ಡಿನಲ್ಲಿ ಬರೆದು ಕಳಿಸಿ. ಅಜ್ಜ ಅಜ್ಜಿಯರು ಚಿಕ್ಕವರಿದ್ದಾಗ ಎಷ್ಟು ಕಾಣುತ್ತಿದ್ದವು ಎಂದು ಕೇಳಿ, ಅದನ್ನೂ ಸೇರಿಸಿ.