ಲೆಕ್ಕಕ್ಕೆ ಸಿಗದ ಕೆಲಸ

"ಎಲ್ಲೋ ದೂರದ ದ್ವೀಪದಲ್ಲಿ ಒಂದು ಪುಟ್ಟ ಹಕ್ಕಿ ನಾಶವಾದರೆ ಗಂಟೇನು ಹೋಯ್ತಮ್ಮ? ಅದರಿಂದ ಯಾರಿಗೆ ಏನು ಪ್ರಯೋಜನವಿತ್ತು?" ಎಂದು ನಮ್ಮ ಭಾವನವರು ಕೇಳಿದರು. ಗಣತಿಯವರು ಬಂದಾಗ ಅಡಿಗೆಮನೆಯ ಕಡೆ ಕೈತೋರಿಸಿ "ಅವಳೇನೂ ಕೆಲಸ ಮಾಡೋದಿಲ್ಲ, ಮನೇಲೇ ಇರ್ತಾಳೆ" ಎಂದು ಬರೆಸುವ ದನಿಯೂ ಇದೇ. ಅದಕ್ಕೇ ನನಗೆ ರೇಗಿತು.

ಪಶ್ಚಿಮ ಪೆಸಿಫಿಕ್ ಸಾಗರದಲ್ಲಿ ಗುವಾಮ್ ಎಂಬ ದ್ವೀಪವಿದೆ. ಅಮೆರಿಕದ ಆಡಳಿತಕ್ಕೆ ಸೇರಿದ್ದು, ವಿಸ್ತೀರ್ಣ ಸುಮಾರು 540 ಚದರ ಕಿಲೋಮೀಟರು. ಗುವಾಮ್ ನೊಣಹಿಡುಕ ಆ ಕಾಡು ಬಿಟ್ಟು ಬೇರೆಲ್ಲೂ ಇರಲಿಲ್ಲ. ಗಂಡಿಗೆ ನೀಲಿ ಹೊಳಪಿನ ಕಪ್ಪು ತಲೆ, ದಾಲ್ಚಿನ್ನಿ ಬಣ್ಣದ ಎದೆ, ಬಿಳಿ ಹೊಟ್ಟೆ. ನಮ್ಮ ಮಲೆನಾಡಿನ ಉದ್ದ ಬಾಲದ ರಾಜಹಕ್ಕಿಯ ಕುಟುಂಬದ್ದೇ. ಬೆಳಗಿನಿಂದ ಸಂಜೆಯವರೆಗೆ ಹುಳುಹುಪ್ಪಟೆ ಹಿಡಿಯುವುದು ಅದರ ಕಸುಬು. ಸಂಬಳವಿಲ್ಲ, ರಜೆಯಿಲ್ಲ.

ಎರಡನೇ ಮಹಾಯುದ್ಧದ ನಂತರ ಸೇನೆಯ ಸರಕಿನಲ್ಲಿ ಅಡಗಿಕೊಂಡು ಕಂದು ಮರಹಾವು ಅಲ್ಲಿಗೆ ಬಂತು. ರಾತ್ರಿ ಮರವೇರಿ ಮೊಟ್ಟೆ, ಮರಿ, ಮಲಗಿದ ಹಕ್ಕಿ ಎಲ್ಲವನ್ನೂ ನುಂಗಿತು. ಕಾಡು ಮೌನವಾಗುತ್ತಿದ್ದರೆ ಕೀಟನಾಶಕವಿರಬಹುದು, ರೋಗವಿರಬಹುದು ಎಂದು ಊಹಿಸುತ್ತ ಕುಳಿತರು. ಜೂಲಿ ಸ್ಯಾವಿಜ್ ಎಂಬಾಕೆ ಹಾವೇ ಕಾರಣವೆಂದು ಆಧಾರಸಮೇತ ಪ್ರಕಟಿಸಿದ್ದು 1987ರಲ್ಲಿ. ಅಷ್ಟು ಹೊತ್ತಿಗೆ ನಮ್ಮ ನೊಣಹಿಡುಕದ ಕತೆ ಮುಗಿದಿತ್ತು. 1983-84ರ ಈಚೆಗೆ ಅದನ್ನು ಯಾರೂ ಕಂಡಿಲ್ಲ. ಸರ್ಕಾರದ ಚುರುಕು ನೋಡಿ! 'ಅಪಾಯದಲ್ಲಿರುವ ಹಕ್ಕಿ' ಎಂದು ಅದರ ಹೆಸರನ್ನು ಪಟ್ಟಿಗೆ ಸೇರಿಸಿದ್ದು 1984ರ ಆಗಸ್ಟ್‌ನಲ್ಲಿ. ಅಳಿದುಹೋಗಿದೆ ಎಂದು ಪಟ್ಟಿಯಿಂದ ಹೊಡೆದುಹಾಕಿದ್ದು 2004ರಲ್ಲಿ. ಸತ್ತವರ ಹೆಸರು ಇಪ್ಪತ್ತು ವರ್ಷ ರೇಷನ್ ಕಾರ್ಡಿನಲ್ಲಿ ಉಳಿದ ಹಾಗೆ. ಆ ದ್ವೀಪದ ಕಾಡಿನ 12 ಮೂಲ ಹಕ್ಕಿ ಜಾತಿಗಳಲ್ಲಿ 10 ಅಲ್ಲಿಂದ ಕಣ್ಮರೆಯಾದವು.

ಎಲ್ಲರೂ ಹಾವನ್ನು ಬಯ್ಯುತ್ತಾರೆ. ನಾನು ಬಯ್ಯಲಾರೆ. ಹಾವೇನು ಟಿಕೆಟ್ ಕೊಂಡು ಹಡಗು ಹತ್ತಿತೆ? ಪೆಟ್ಟಿಗೆ ತುಂಬಿದವರು, ಇಳಿಸಿದವರು, ತೆರೆದು ನೋಡದೆ ಸಹಿ ಹಾಕಿದವರು ಯಾರು?

ಇನ್ನು ಭಾವನವರ 'ಪ್ರಯೋಜನ'ದ ಪ್ರಶ್ನೆ. ಗುವಾಮ್ ಕಾಡಿನಲ್ಲಿ ಮಳೆಗಾಲದಲ್ಲಿ ನೆರೆಯ ದ್ವೀಪಗಳಿಗಿಂತ 40 ಪಟ್ಟಿನವರೆಗೂ ಹೆಚ್ಚು ಜೇಡಗಳಿರುತ್ತವೆ ಎಂದು 2012ರಲ್ಲಿ ಸಂಶೋಧಕರು ಎಣಿಸಿ ಹೇಳಿದರು. ಹಕ್ಕಿಗಳಿದ್ದರೆ ಜೇಡವನ್ನು ತಿನ್ನುತ್ತವೆ, ಜೇಡಕ್ಕೆ ಬೇಕಾದ ಹುಳುವನ್ನೂ ತಿನ್ನುತ್ತವೆ, ಗೂಡಿಗೆಂದು ಬಲೆಯನ್ನೇ ಕಿತ್ತೊಯ್ಯುತ್ತವೆ. ಯುಗಾದಿಗೆ ಮುಂಚೆ ಗಳುವಿಗೆ ಪೊರಕೆ ಕಟ್ಟಿ, ತಲೆಗೆ ಬಟ್ಟೆ ಸುತ್ತಿ ಸೂರಿನ ಬಲೆ ತೆಗೆದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ತೆಗೆದ ದಿನ ಯಾರ ಕಣ್ಣಿಗೂ ಬೀಳದ ಕೆಲಸ ಅದು. ಒಂದು ವರ್ಷ ಬಿಟ್ಟರೆ ಬಂದ ನೆಂಟರೆಲ್ಲ ಮೇಲೆ ನೋಡುತ್ತಾರೆ.

2013ರಲ್ಲಿ ಸತ್ತ ಇಲಿಮರಿಗಳೊಳಗೆ ಪ್ಯಾರಸಿಟಮಾಲ್ ಇಟ್ಟು ಹೆಲಿಕಾಪ್ಟರಿನಿಂದ ಆ ಕಾಡಿಗೆ ಉದುರಿಸಿದರು. ನಾವು ಜ್ವರಕ್ಕೆ ನುಂಗುವ ಅದೇ ಔಷಧಿ ಆ ಹಾವಿಗೆ ವಿಷ. ಗುವಾಮಿನಿಂದ ಹೊರಡುವ ಸರಕನ್ನು, ಹಾವು ಬೇರೆ ದ್ವೀಪ ಸೇರದಿರಲೆಂದು, ಪಳಗಿಸಿದ ನಾಯಿಗಳಿಂದ ಮೂಸಿಸುತ್ತಾರೆ. ಹೊರಗೆ ಹೋಗುವ ಪೆಟ್ಟಿಗೆಗಿರುವ ಈ ಕಾವಲು, ಅಂದು ಒಳಗೆ ಬಂದ ಪೆಟ್ಟಿಗೆಗೆ ಇರಲಿಲ್ಲ.