ಹಿತ್ತಲ ಬಣ್ಣ

'ಹಿತ್ತಲ ಗಿಡ ಮದ್ದಲ್ಲ' ಎಂಬುದು ಕನ್ನಡದ ಹಳೆಯ ಗಾದೆ. ಸುಲಭವಾಗಿ ದೊರೆಯುವ ವಸ್ತುವಿನ ಬೆಲೆ ಮನುಷ್ಯನಿಗೆ ತಿಳಿಯುವುದಿಲ್ಲವೆಂಬುದು ಅದರ ತಾತ್ಪರ್ಯ. ಈ ಮಾತು ಮದ್ದಿಗೆ ಎಷ್ಟು ಸಲ್ಲುತ್ತದೆಯೋ ಬಣ್ಣಕ್ಕೂ ಅಷ್ಟೇ ಸಲ್ಲುತ್ತದೆ. ದಾಳಿಂಬೆಯ ಸಿಪ್ಪೆ, ಈರುಳ್ಳಿಯ ಸಿಪ್ಪೆ, ಬಾಡಿದ ಚೆಂಡುಹೂ ದಿನವೂ ತಿಪ್ಪೆ ಸೇರುತ್ತವೆ. ನೂಲಿಗೆ ಹಿಡಿಯಬಲ್ಲ ಬಣ್ಣ ಅವುಗಳಲ್ಲಿ ಅಡಗಿದೆಯೆಂಬುದು ಎಸೆಯುವವರ ನೆನಪಿಗೆ ಬರುವುದಿಲ್ಲ.

ದೊಡ್ಡಬಳ್ಳಾಪುರ ನೇಕಾರರ ಊರು. ಅಲ್ಲಿನ ಕೆಲವು ಬೀದಿಗಳಲ್ಲಿ ನಡೆದವರಿಗೆ ಮಗ್ಗದ ಸದ್ದು ಕೇಳದೆ ಇರದು. ಸಾವಿರಾರು ವಿದ್ಯುತ್ ಮಗ್ಗಗಳ ಮೇಲೆ ಸೀರೆಗಳು ಸಿದ್ಧವಾಗುತ್ತವೆ. ಸಾವಿರಾರು ಸಂಸಾರಗಳು ಅದರಿಂದ ಅನ್ನ ಕಾಣುತ್ತವೆ. ಮಗ್ಗಕ್ಕೆ ಏರುವ ಮೊದಲು ನೂಲು ಬಣ್ಣದ ತೊಟ್ಟಿಯಲ್ಲಿ ಮುಳುಗಿ ಏಳಬೇಕು. ಸೀರೆಯ ಅಂದವನ್ನು ಕಣ್ಣು ಮೆಚ್ಚುತ್ತದೆ. ತೊಟ್ಟಿಯಲ್ಲಿ ಉಳಿದ ನೀರು ಎಲ್ಲಿಗೆ ಹೋಯಿತೆಂದು ಕೇಳುವವರು ವಿರಳ.

ಈ ಪ್ರಶ್ನೆ ಹಿಂದಿನವರಿಗೆ ಇಷ್ಟು ಕಠಿಣವಾಗಿರಲಿಲ್ಲ. ನೀಲಿಗಿಡದಿಂದ ನೀಲಿಯನ್ನೂ ಮಂಜಿಷ್ಠದ ಬೇರಿನಿಂದ ಕೆಂಪನ್ನೂ ಅರಿಸಿನದಿಂದ ಹಳದಿಯನ್ನೂ ಅವರು ಪಡೆಯುತ್ತಿದ್ದರು. ಮೊಹೆಂಜೊದಾರೊದಲ್ಲಿ ದೊರೆತ ಹತ್ತಿಬಟ್ಟೆಯ ತುಣುಕಿನಲ್ಲಿ ಮಂಜಿಷ್ಠದ ಜಾತಿಯ ಕೆಂಪು ಬಣ್ಣದ ಗುರುತಿದೆ. ಅಂದರೆ ಈ ವಿದ್ಯೆಗೆ ನಾಲ್ಕು ಸಾವಿರ ವರ್ಷಗಳಿಗೂ ಮೀರಿದ ವಯಸ್ಸು. 1856ರಲ್ಲಿ ಇಂಗ್ಲೆಂಡಿನ ವಿಲಿಯಂ ಪರ್ಕಿನ್ ಎಂಬ ಹದಿನೆಂಟು ವರ್ಷದ ತರುಣನು ಕ್ವಿನೈನ್ ಔಷಧವನ್ನು ತಯಾರಿಸಲು ಹೊರಟು ಅಕಸ್ಮಾತ್ತಾಗಿ ನೇರಳೆ ಬಣ್ಣವೊಂದನ್ನು ಪಡೆದನು. ಕಲ್ಲಿದ್ದಲಿನ ಟಾರಿನಿಂದ ಬಣ್ಣಗಳನ್ನು ತೆಗೆಯುವ ಉದ್ಯಮಕ್ಕೆ ಅದೇ ನಾಂದಿಯಾಯಿತು. 1897ರಲ್ಲಿ ಜರ್ಮನಿಯ ಕಾರ್ಖಾನೆಯ ನೀಲಿ ಮಾರುಕಟ್ಟೆಗೆ ಬಂದ ಮೇಲೆ ಭಾರತದ ನೀಲಿಬೆಳೆ ಕೆಲವೇ ವರ್ಷಗಳಲ್ಲಿ ಕುಗ್ಗಿಹೋಯಿತು.

ಸಸ್ಯದ ಬಣ್ಣವನ್ನು ಮನೆಯಲ್ಲಿಯೇ ಹಾಕುವುದು ಅಸಾಧ್ಯವೇನಲ್ಲ. ಉಣ್ಣೆ ಮತ್ತು ರೇಷ್ಮೆ ಪ್ರಾಣಿಜನ್ಯ ಎಳೆಗಳಾದ್ದರಿಂದ ಅವು ಬಣ್ಣವನ್ನು ಬೇಗ ಹೀರುತ್ತವೆ. ಮೊದಲು ನೂಲನ್ನು ತೊಳೆದು ಅದರ ಜಿಡ್ಡನ್ನೂ ಅಂಟನ್ನೂ ತೆಗೆಯಬೇಕು. 100 ಗ್ರಾಂ ಉಣ್ಣೆಗೆ 10ರಿಂದ 15 ಗ್ರಾಂ ಪಟಿಕವನ್ನು ಬಿಸಿನೀರಿನಲ್ಲಿ ಕರಗಿಸಿ, ನೂಲನ್ನು ಸುಮಾರು ಒಂದು ಗಂಟೆ ಅದರಲ್ಲಿ ಇಡಬೇಕು. ಪಟಿಕದಲ್ಲಿರುವ ಲೋಹಾಂಶವು ಎಳೆಯನ್ನು ಒಂದು ಕೈಯಿಂದಲೂ ಬಣ್ಣವನ್ನು ಇನ್ನೊಂದು ಕೈಯಿಂದಲೂ ಹಿಡಿದುಕೊಳ್ಳುತ್ತದೆ. ಆದುದರಿಂದಲೇ ಅದನ್ನು ವರ್ಣಬಂಧಕವೆನ್ನುತ್ತಾರೆ. ಬಳಿಕ ನೂಲಿನಷ್ಟೇ ತೂಕದ ದಾಳಿಂಬೆಯ ಒಣಸಿಪ್ಪೆಯನ್ನು ಕುದಿಸಿ ಸೋಸಿದ ನೀರಿನಲ್ಲಿ ನೂಲನ್ನು ಹದವಾದ ಉರಿಯ ಮೇಲೆ ಕಾಯಿಸಿದರೆ ಹಳದಿ ಬಣ್ಣ ಹಿಡಿಯುತ್ತದೆ. ಅದೇ ನೂಲನ್ನು ಚಿಟಿಕೆ ಅನ್ನಭೇದಿ ಬೆರೆಸಿದ ನೀರಿನಲ್ಲಿ ಅದ್ದಿದರೆ ಹಳದಿಯು ಬೂದುಗಪ್ಪಿಗೆ ತಿರುಗುತ್ತದೆ. ಉಣ್ಣೆಗೆ ಅವಸರ ಸೇರದು. ಬಿಸಿಯಿಂದ ಒಮ್ಮೆಲೇ ತಣ್ಣೀರಿಗೆ ಹಾಕಿದರೆ ಅದು ಕುಗ್ಗಿ ಗಟ್ಟಿಯಾಗುತ್ತದೆ. ಹತ್ತಿಯ ಬಗೆ ಬೇರೆ. ಅದಕ್ಕೆ ಮೊದಲು ಅಳಲೆಕಾಯಿಯ ಒಗರು ಊಡಬೇಕು. ಬಣ್ಣ ಕಾಯಿಸಿದ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಬಾರದು.

ಕನ್ನಡ ನಾಡಿನಲ್ಲಿ ಈ ವಿದ್ಯೆ ಪೂರ್ತಿ ಮರೆಯಾಗಿಲ್ಲ. ಮಲೆನಾಡಿನಲ್ಲಿ ಎಳೆಯ ಅಡಿಕೆಯನ್ನು ಬೇಯಿಸಿದ ಮೇಲೆ ಉಳಿಯುವ ಚೊಗರು ಕೆಂಗಂದು ಬಣ್ಣ ಕೊಡುತ್ತದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ 1990ರ ದಶಕದಲ್ಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳುತನದಲ್ಲಿ ಆರಂಭವಾದ 'ಚರಕ' ಮಹಿಳಾ ಸಹಕಾರ ಸಂಘವು ಚೊಗರಿನಿಂದ ಬಣ್ಣ ಪಡೆದ ಕೈಮಗ್ಗದ ಬಟ್ಟೆಯನ್ನು ಪೇಟೆಯವರೂ ಕೊಳ್ಳುತ್ತಾರೆಂದು ತೋರಿಸಿಕೊಟ್ಟಿತು.

ಹಾಗಾದರೆ ದೊಡ್ಡಬಳ್ಳಾಪುರದ ಸೀರೆಗಳಿಗೆಲ್ಲ ಹೂವಿನ ಬಣ್ಣವನ್ನೇ ಹಾಕಬಾರದೇಕೆ? ಹೀಗೆ ಕೇಳುವುದು ಸುಲಭ. ಆದರೆ ಅದು ನ್ಯಾಯವಾದ ಪ್ರಶ್ನೆಯಲ್ಲ. ವ್ಯಾಪಾರಿಯು ನೂರು ಸೀರೆ ಕೇಳಿದರೆ ನೂರಕ್ಕೂ ಒಂದೇ ಛಾಯೆ ಬೇಕು. ಗಿಡದ ಬಣ್ಣವೋ ಮಣ್ಣಿನಿಂದ ಮಣ್ಣಿಗೆ, ಋತುವಿನಿಂದ ಋತುವಿಗೆ ಬದಲಾಗುತ್ತದೆ. ಅರಿಸಿನದ ಹಳದಿ ಬಿಸಿಲಿಗೆ ಮಾಸುತ್ತದೆ. ಸೌದೆ, ಸಮಯ, ಶ್ರಮ ಎಲ್ಲವೂ ಹೆಚ್ಚು ಬೇಕು. ದಿನದ ಕೂಲಿಯನ್ನೇ ನಂಬಿದ ಬಣ್ಣಗಾರನಿಗೆ ತೊಟ್ಟಿಯನ್ನು ಮುಚ್ಚೆಂದು ಬೋಧಿಸುವವನು ಆ ಮನೆಯ ಒಲೆಯನ್ನೂ ನೆನೆಯಬೇಕು. ಇದಲ್ಲದೆ, ಗಿಡದಿಂದ ಬಂದುದೆಲ್ಲವೂ ನಿರ್ದೋಷವೆಂಬುದು ಭ್ರಮೆ. ಬಣ್ಣ ಗಟ್ಟಿಯಾಗಲೆಂದು ತಾಮ್ರದ ಅಥವಾ ಕ್ರೋಮಿಯಂನ ಲವಣ ಬೆರೆಸಿದರೆ ಆ ನೀರೂ ವಿಷವೇ.

ಆದರೂ ಮನೆಯ ಬಣ್ಣ ಕಲಿಸುವ ಪಾಠವೊಂದಿದೆ. ಮನೆಯಲ್ಲಿ ಬಣ್ಣ ಹಾಕಿದವನು ಉಳಿದ ನೀರನ್ನು ತನ್ನ ಅಂಗಳಕ್ಕೇ ಚೆಲ್ಲಬೇಕಾಗುತ್ತದೆ. ಅಲ್ಲಿ ತುಳಸಿಯಿದೆ, ಕರಿಬೇವಿದೆ, ಬಾವಿಯಿದೆ. ಆದುದರಿಂದ ಪಾತ್ರೆಗೆ ಏನನ್ನು ಹಾಕುತ್ತಿದ್ದೇನೆಂದು ಅವನು ಮೊದಲೇ ಯೋಚಿಸುತ್ತಾನೆ. ದೊಡ್ಡ ಉದ್ಯಮದಲ್ಲಿ ಬಣ್ಣ ಹಾಕುವವನೊಬ್ಬ, ಉಡುವವಳೊಬ್ಬಳು, ಕೊಳೆನೀರು ಸೇರುವ ಕೆರೆಯ ದಂಡೆಯಲ್ಲಿ ಬಾಳುವವನು ಮತ್ತೊಬ್ಬ. ಲಾಭ ಮತ್ತು ನಷ್ಟ ಒಂದೇ ಮನೆಯಲ್ಲಿ ಇಲ್ಲವಾದಾಗ ವಿವೇಕ ಮಂಕಾಗುತ್ತದೆ.

ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯು ದೊಡ್ಡಬಳ್ಳಾಪುರದ ಕೆರೆಗಳನ್ನು ಹಾದು ಹೆಸರಘಟ್ಟಕ್ಕೆ ಸಾಗುತ್ತದೆ. 1890ರ ದಶಕದಲ್ಲಿ ಬೆಂಗಳೂರಿಗೆ ಕೊಳಾಯಿ ನೀರು ಬಂದದ್ದು ಆ ಹೆಸರಘಟ್ಟದಿಂದಲೇ. ಅದೇ ನದಿಯ ಜಾಡಿನಲ್ಲಿರುವ ದೊಡ್ಡತುಮಕೂರು, ಚಿಕ್ಕತುಮಕೂರು ಕೆರೆಗಳ ಗ್ರಾಮಸ್ಥರು ಇತ್ತೀಚಿನ ವರ್ಷಗಳಲ್ಲಿ ನಗರದ ಚರಂಡಿನೀರಿನಿಂದಲೂ ಕಾರ್ಖಾನೆಗಳ ತ್ಯಾಜ್ಯದಿಂದಲೂ ನೀರು ಕೆಟ್ಟಿತೆಂದು ಬೀದಿಗಿಳಿದಿದ್ದಾರೆ. ಆ ಕೊಳೆಯೆಲ್ಲವೂ ಬಣ್ಣದ್ದಲ್ಲ. ಆದರೆ ಬಣ್ಣದ ಊರು ಉತ್ತರ ಹೇಳುವುದರಿಂದ ತಪ್ಪಿಸಿಕೊಳ್ಳುವಂತಿಲ್ಲ. ಕೆಲವು ಜಾತಿಯ ಅಜೋ ಬಣ್ಣಗಳು ಒಡೆದು ಕ್ಯಾನ್ಸರ್ ತರುವ ವಸ್ತುಗಳಾಗುತ್ತವೆಂದು ತಿಳಿದ ಮೇಲೆ 1990ರ ದಶಕದಲ್ಲಿ ಜರ್ಮನಿಯೂ ಭಾರತವೂ ಅಂತಹವುಗಳನ್ನು ನಿಷೇಧಿಸಿದವು. ನಿಷೇಧ ಕಾಗದದ ಮೇಲಿನದು. ಅದನ್ನು ಪಾಲಿಸುವುದು ಮನಸ್ಸಿನ ಕೆಲಸ.

ಆದುದರಿಂದ ಮಾಡಬೇಕಾದ ಕೆಲಸ ಎರಡು. ಬಣ್ಣದ ನೀರನ್ನು ಶುದ್ಧೀಕರಿಸದೆ ಹರಿಯಬಿಡಬಾರದು. ಅದರ ವೆಚ್ಚವನ್ನು ಬಡ ಬಣ್ಣಗಾರನೊಬ್ಬನ ತಲೆಗೆ ಕಟ್ಟದೆ, ಸರ್ಕಾರವೂ ವ್ಯಾಪಾರಿಯೂ ಸೀರೆ ಕೊಳ್ಳುವವರೂ ಹಂಚಿಕೊಳ್ಳಬೇಕು. ಇದರೊಡನೆ ಶಾಲೆಗಳಲ್ಲಿಯೂ ಮನೆಗಳಲ್ಲಿಯೂ ಸಸ್ಯವರ್ಣದ ವಿದ್ಯೆಯನ್ನು ಚಿಕ್ಕ ಪ್ರಮಾಣದಲ್ಲಾದರೂ ಉಳಿಸಬೇಕು. ಒಂದು ಹಿಡಿ ಉಣ್ಣೆಗೆ ಈರುಳ್ಳಿ ಸಿಪ್ಪೆಯ ಹೊಂಬಣ್ಣ ಹಿಡಿಸಿದ ಬಾಲಕನು ಮುಂದೆ ನೇಕಾರನಾಗಲಿ, ವ್ಯಾಪಾರಿಯಾಗಲಿ, ಅಧಿಕಾರಿಯಾಗಲಿ, ತೊಟ್ಟಿಯ ನೀರು ಎಲ್ಲಿಗೆ ಹೋಗುತ್ತದೆಂದು ಕೇಳದೆ ಇರಲಾರನು. ಹಿತ್ತಲ ಗಿಡ ಸೀರೆಗಳಿಗೆಲ್ಲ ಬಣ್ಣ ಕೊಡಲಾರದು. ಈ ಪ್ರಶ್ನೆಯನ್ನು ಕೇಳಲು ಕಲಿಸಿದರೆ ಅದೇ ದೊಡ್ಡ ಮದ್ದು.