"ಮಾಮ, ಇನ್ನೊಂದು ಸಲ!"

ಅಕ್ಕನ ಮಗನಿಗೆ ಏಳು ವರ್ಷ. ಸೆರೆಬ್ರಲ್ ಪಾಲ್ಸಿಯಿಂದ ಬಲಗೈ, ಬಲಗಾಲು ಬಿಗಿ. ಕೊಪ್ಪದ ಮನೆಯಲ್ಲಿ ದಿನಾ ವ್ಯಾಯಾಮದ ಹೊತ್ತಿಗೆ ಅಳು. "ಇನ್ನೊಂದೇ ಸಲ ಕಣೋ" ಅಂತ ಅಕ್ಕ, "ಆಗಲ್ಲ" ಅಂತ ಅವನು.

ಬೇಸಿಗೆ ರಜೆಯಲ್ಲಿ ಅವನನ್ನು ಬೆಂಗಳೂರಿಗೆ ಕರೆಸಿಕೊಂಡೆ. ಥೆರಪಿ ಸೆಂಟರಿನಲ್ಲಿ ದೊಡ್ಡ ಪರದೆಯ ಮುಂದೆ ನಿಲ್ಲಿಸಿದರು. ಇವನು ವಾಲಿದರೆ ಪರದೆಯ ಹುಡುಗನೂ ವಾಲುತ್ತಾನೆ, ಇವನು ಕಾಲೆತ್ತಿದರೆ ಅವನು ಕಲ್ಲು ದಾಟುತ್ತಾನೆ. ಇಪ್ಪತ್ತು ನಿಮಿಷ ಕಳೆದದ್ದೇ ತಿಳಿಯಲಿಲ್ಲ. ಮುಗಿದಾಗ ಅವನೇ ಕೂಗಿದ, "ಮಾಮ, ಇನ್ನೊಂದು ಸಲ!"

ವರ್ಚುವಲ್ ರಿಯಾಲಿಟಿ ಅಂದ್ರೆ ಕಣ್ಣಿಗೆ ಕಟ್ಟುವ ಹೆಡ್‌ಸೆಟ್ಟೇ ಆಗಬೇಕಿಲ್ಲ. ನಿಂಟೆಂಡೊ ವೀ, ಕಿನೆಕ್ಟ್‌ನಂಥ ಆಟದ ಸಾಧನಗಳನ್ನೂ ಈ ತರಬೇತಿಗೆ ಬಳಸಿದ್ದಾರೆ. ತೊಂದರೆಯ ಮೂಲ ಕಾಲಲ್ಲಲ್ಲ, ಚಲನೆ ನಿಯಂತ್ರಿಸುವ ಮಿದುಳಿನ ಭಾಗದಲ್ಲಿ. ಆ ಗಾಯ ಹೆಚ್ಚಾಗುವುದಿಲ್ಲ, ಮಾಯವಾಗುವುದೂ ಇಲ್ಲ. ಆದರೆ ಬೆಳೆಯುವ ಮಿದುಳು ಮತ್ತೆ ಮತ್ತೆ ಮಾಡಿದ್ದನ್ನು ಕಲಿಯುತ್ತದೆ. ಆಟ ಆ 'ಮತ್ತೆ ಮತ್ತೆ'ಯನ್ನು ಮಗುವಿಗೇ ಬೇಕೆನಿಸುವಂತೆ ಮಾಡುತ್ತದೆ. ಮಾಮೂಲಿ ಫಿಸಿಯೋಥೆರಪಿ ಜೊತೆ ಸೇರಿಸಿದಾಗ ಸಮತೋಲನ, ನಡಿಗೆ ಸುಧಾರಿಸಿದ್ದನ್ನು ಹಲವು ಅಧ್ಯಯನಗಳು ಕಂಡಿವೆ. ಅದರ ಬದಲಿಗೆ ಅಲ್ಲ, ಜೊತೆಗೆ. ಎಲ್ಲ ಮಕ್ಕಳಿಗೂ ಒಂದೇ ಫಲ ಸಿಗುವುದಿಲ್ಲ.

ಜೂನ್ ಬಂತು, ವಾಪಸ್ ಊರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮಳೆ ಗೊತ್ತಲ್ಲ, ಗಾಳಿ ಬೀಸಿದರೆ ಕರೆಂಟ್ ಇಲ್ಲ. ಪರದೆಯನ್ನು ನಂಬಿ ಕೂತರೆ ಆಗುತ್ತಾ?

ಥೆರಪಿಸ್ಟ್ ಹೇಳಿಕೊಟ್ಟಂತೆ ಅಕ್ಕ ಜಗಲಿ ಮೇಲೆ ಸೀಮೆಸುಣ್ಣದಲ್ಲಿ ಕಲ್ಲು ಬರೆದಿದ್ದಾಳೆ. ನಡುವೆ ತುಂಗಾ ನದಿ. ಹೆಜ್ಜೆ ತಪ್ಪಿದರೆ ಶೃಂಗೇರಿ ಮೀನು ಕಾಲಿಗೆ ಮುತ್ತಿಡುತ್ತೆ! ಕಲ್ಲುಗಳ ಅಂತರ ನಿಧಾನಕ್ಕೆ ಹೆಚ್ಚುತ್ತಿದೆ. ಬೀಳದಂತೆ ಯಾರಾದರೂ ಪಕ್ಕದಲ್ಲೇ ಇರುತ್ತಾರೆ.

ಒಂದು ಮಾತು ಮಾತ್ರ ನನ್ನನ್ನು ಕಾಡುತ್ತದೆ. ವರ್ಷ ತುಂಬುವ ಮೊದಲೇ ಅವನು ಎಡಗೈಯನ್ನಷ್ಟೇ ಬಳಸುತ್ತಿದ್ದ. "ಎಡಚ ಇರ್ಬೇಕು" ಅಂತ ನಾವೆಲ್ಲ ನಕ್ಕಿದ್ದೆವು. ಅಷ್ಟು ಬೇಗ ಒಂದೇ ಕೈ ಬಳಸುವುದು ವೈದ್ಯರಿಗೆ ತೋರಿಸಬೇಕಾದ ಸೂಚನೆ ಅಂತ ನಮಗೆ ತಿಳಿದಿರಲಿಲ್ಲ. ಎರಡು ವರ್ಷ ಹಾಗೇ ಹೋಯಿತು.

ಊರಿನ ಮನೆಯಲ್ಲಿ ಪುಟ್ಟ ಮಗುವಿದ್ದರೆ ಮುಂದಿನ ವಿಡಿಯೋ ಕಾಲ್‌ನಲ್ಲಿ ಎರಡೂ ಕೈ ಆಡುತ್ತಿವೆಯಾ, ಕತ್ತು ನಿಂತಿದೆಯಾ ನೋಡಿ. ಅನುಮಾನ ಬಂದರೆ ಕಾಯಬೇಡಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ, ಸರ್ಕಾರಿ ಶಾಲೆಗಳಲ್ಲೇ ಮಕ್ಕಳ ತಪಾಸಣೆ ಉಚಿತ. ಆಶಾ ಕಾರ್ಯಕರ್ತೆಯನ್ನು ಕೇಳಿದರೂ ದಾರಿ ಸಿಗುತ್ತದೆ.

ನಿನ್ನೆ ರಾತ್ರಿ ಅವನ ಫೋನ್. "ಮಾಮ, ಇವತ್ತು ಒಂಬತ್ತು ಕಲ್ಲು ದಾಟಿದೆ. ಮೀನಿಗೆ ಏನೂ ಸಿಗಲಿಲ್ಲ!"